ಬಾಗಿಲಿಗೆ ಬೆನ್ನು ಹಾಕಿದವರು

ಆ ಕೋಲ್ಡ್ ಸ್ಟೋರೇಜಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಮೊದಲ ದಿನ ಬೂಟು, ಕೈಗವಸು, ಹಿಂದೆ ಯಾರೋ ಹಾಕಿ ಬಿಟ್ಟ ದಪ್ಪ ಕೋಟು ಕೊಡುತ್ತಿದ್ದರು. ಎರಡನೆಯ ದಿನ ಮೇಸ್ತ್ರಿ ಪಕ್ಕಕ್ಕೆ ಕರೆದು ಒಂದು ಮಾತು ಹೇಳುತ್ತಿದ್ದ. ಕೋಟು ಹರಿದರೆ ಬೇರೆ ಸಿಗುತ್ತಿತ್ತು. ಆ ಮಾತನ್ನು ಮಾತ್ರ ಕೆಲಸ ಬಿಡುವವರೆಗೂ ಜೋಪಾನ ಮಾಡಬೇಕಿತ್ತು.

ಮಾತು ಇಷ್ಟೇ. ಕೊನೆಯ ಕೋಣೆಯ ಬಾಗಿಲನ್ನು ಒಳಗಿನಿಂದ ತಟ್ಟಿದ ಸದ್ದು ಕೇಳಿದರೆ, ಕೈಯಲ್ಲಿದ್ದ ಕೆಲಸ ಅಲ್ಲೇ ಬಿಟ್ಟು, ಬಾಗಿಲಿಗೆ ಬೆನ್ನು ಹಾಕಿ ನಿಂತು "ನಾನಲ್ಲ" ಅನ್ನಬೇಕು. ಕೂಗಬೇಕಾಗಿಲ್ಲ, ತನ್ನ ಕಿವಿಗೆ ಕೇಳಿಸಿದರೆ ಸಾಕು. ಮೇಸ್ತ್ರಿ ಹೋಗಿ ಬಾಗಿಲಿಗೆ ಅಡ್ಡಲಾಗಿ ಕಬ್ಬಿಣದ ಪಟ್ಟಿ ಇಳಿಸುತ್ತಾನೆ. ಮಾರನೆಯ ದಿನದವರೆಗೆ ಆ ಕೋಣೆಯ ತಂಟೆಗೆ ಯಾರೂ ಹೋಗಬಾರದು. ಹಿಂದೆ ಯಾವನೋ ಒಬ್ಬ ಅದರೊಳಗೆ ಸಿಕ್ಕಿಕೊಂಡು ಸತ್ತನಂತೆ. ಅವನಿಗೆ ಬದಲಿ ಆಳು ಬೇಕಂತೆ. ತಟ್ಟಿದಾಗ ಯಾರು ತೆಗೆಯುತ್ತಾರೋ ಅವರನ್ನು ಒಳಗಿಟ್ಟು ತಾನು ಹೊರಗೆ ಬರುತ್ತಾನಂತೆ. ಎಲ್ಲ ಅಂತೆಕಂತೆ. ಆದರೆ ತಟ್ಟುವ ಸದ್ದು ಅಂತೆಕಂತೆಯಲ್ಲ, ಅದನ್ನು ಅಲ್ಲಿದ್ದವರೆಲ್ಲ ಕೇಳಿದ್ದರು.

ಅದೇನು ಗುದ್ದುವ ಸದ್ದಾಗಿದ್ದರೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ. ಅದು ನೆಂಟರು ತಟ್ಟುವ ಹಾಗೆ, ನಿಧಾನವಾಗಿ, ತೊಂದರೆ ಕೊಡುತ್ತಿದ್ದೇನೇನೋ ಎಂಬ ಸಂಕೋಚದಲ್ಲಿ ತಟ್ಟುವ ಸದ್ದು. ದಪ್ಪ ಬಾಗಿಲಿನೊಳಗಿಂದ ದಿಂಬಿನಲ್ಲಿ ಅದುಮಿದ ಹಾಗೆ ಕೇಳುತ್ತಿತ್ತು. ಇನ್ನೊಂದು ವಿಚಿತ್ರ ಏನೆಂದರೆ, ಅದು ಬರುತ್ತಿದ್ದುದು ಬಾಗಿಲಿನ ಕೆಳಭಾಗದಿಂದ, ಮೊಣಕಾಲಿನ ಎತ್ತರದಿಂದ. ತಟ್ಟುವವನು ಕೂತಿದ್ದಾನೆ ಎನ್ನುವುದು ಎಲ್ಲರಿಗೂ ಗೊತ್ತಿತ್ತು, ಬಾಯಿಬಿಟ್ಟು ಯಾರೂ ಹೇಳುತ್ತಿರಲಿಲ್ಲ.

ಬಟಾಣಿಯ ಚೀಲಗಳನ್ನು ತೂಗಿ ಬಾಯಿ ಮುಚ್ಚಿ ಅಂಟಿಸುವ ಮೇಜಿನ ಹಿಂದೆ ನಿಲ್ಲುವ ಹೆಂಗಸಿಗೆ ಅಲ್ಲಿ ಸ್ತೋತ್ರಮ್ಮ ಎಂದು ಹೆಸರು ಬಿದ್ದಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಚೀಲ ಕಾಲ ಮೇಲೆ ಬೀಳುವುದು ಕೂದಲೆಳೆಯಲ್ಲಿ ತಪ್ಪಿದಾಗ ಬಾಯಿತಪ್ಪಿ "ಸ್ತೋತ್ರ ಯೇಸಪ್ಪಾ" ಅಂದುಬಿಟ್ಟಿದ್ದಳು. ಸಾಕಲ್ಲ! ಆ ಹೆಸರಿಟ್ಟವನು ರೇಡಿಯೋ. ಪೆಟ್ಟಿಗೆ ಹೊರುವ ಆ ಪ್ರಾಣಿಯ ನಿಜವಾದ ಹೆಸರು ಅವನ ಹೆಂಡತಿಗಾದರೂ ನೆನಪಿತ್ತೋ ಇಲ್ಲವೋ. ಬೆಳಿಗ್ಗೆ ಗೇಟು ದಾಟಿದ ಗಳಿಗೆಯಿಂದ ಸಂಜೆ ಬೂಟು ಬಿಚ್ಚುವ ತನಕ ಅವನ ಬಾಯಿಗೆ ಬಿಡುವಿರಲಿಲ್ಲ. "ಸ್ತೋತ್ರಮ್ಮಕ್ಕಾ, ನಿಮ್ಮ ದೇವರಿಗೆ ಹೇಳಿ ಒಂದು ಬಕೆಟ್ ಬಿಸಿಲು ಒಳಗೆ ಕಳಿಸಕ್ಕಾ, ಪುಣ್ಯ ಬರುತ್ತೆ" ಎಂದು ದಿನಾ ರೇಗಿಸುತ್ತಿದ್ದ. ಅವಳಿಗೂ ಅದು ಹಿಡಿಸುತ್ತಿತ್ತು. ಹಾಗೆ ನೋಡಿದರೆ ಆ ಚಳಿಯಲ್ಲಿ ಬೆಚ್ಚಗಿದ್ದುದು ಅವನ ಬಾಯಿ ಒಂದೇ.

ಆದರೆ ಸ್ತೋತ್ರಮ್ಮನ ಭಕ್ತಿ ಅವತ್ತು ಬಾಯಿತಪ್ಪಿ ಹೊರಬಿದ್ದದ್ದೇ ಕೊನೆ. ಆಮೇಲೆ ಅವಳು ಹುಷಾರಾದಳು. ಊಟದ ಡಬ್ಬಿ ತೆರೆಯುವಾಗ ಕಣ್ಣು ಮುಚ್ಚುವುದನ್ನೂ ಬಿಟ್ಟಳು. ಬಾಗಿಲು ತಟ್ಟಿದಾಗ ಎಲ್ಲರ ಜೊತೆ ಬೆನ್ನು ಹಾಕಿದಳು, ಎಲ್ಲರ ಜೊತೆ "ನಾನಲ್ಲ" ಅಂದಳು. ಗಂಡ ಬೆನ್ನು ನೋವಿಗೆ ಡ್ರೈವರ್ ಕೆಲಸ ಬಿಟ್ಟು ಮಲಗಿದ್ದ. ಇದ್ದ ಒಂದು ಕೆಲಸವನ್ನು ದೇವರ ಹೆಸರಲ್ಲಿ ಕಳೆದುಕೊಂಡರೆ ಅನ್ನಕ್ಕೆ ಏನು ಮಾಡುವುದು, ಹೇಳಿ.

ಈ ಕತೆ ನಡೆದ ದಿನಕ್ಕೆ ಒಂದು ವಾರ ಮೊದಲು, ಬಾಗಿಲು ತಟ್ಟಿದ ಸಂಜೆ, ಮನೆಗೆ ಬಂದು ಊಟಕ್ಕೆ ಕೂತವಳು ತುತ್ತು ಎತ್ತಲಿಲ್ಲ. ಅತ್ತೆಯ ಕಣ್ಣು ಮಂಜು, ಕಿವಿ ಮಂದ, ಆದರೆ ಸೊಸೆ ಉಣ್ಣದಿದ್ದರೆ ಗೋಡೆಯಾಚೆಯಿಂದಲೂ ಅವಳಿಗೆ ಗೊತ್ತಾಗುತ್ತಿತ್ತು.

"ಏನಾಯ್ತೇ? ಯಾರಾದ್ರೂ ಏನಾದ್ರೂ ಅಂದ್ರಾ?"

ಸ್ತೋತ್ರಮ್ಮ ಹೇಳಬಾರದೆಂದುಕೊಂಡಿದ್ದನ್ನೆಲ್ಲ ಹೇಳಿಬಿಟ್ಟಳು. ಕೋಣೆ, ತಟ್ಟುವುದು, ಬೆನ್ನು ಹಾಕುವುದು, "ನಾನಲ್ಲ" ಅನ್ನುವುದು, ಒಂದನ್ನೂ ಬಿಡಲಿಲ್ಲ. ಮುದುಕಿ ಕಿವಿಯ ಹಿಂದೆ ಕೈಯಿಟ್ಟು ಕೇಳಿದಳು.

"ಸತ್ತವರು ದೇವರ ಕೈಲಿರ್ತಾರೆ. ಬಾಗಿಲು ತಟ್ಟೋಕೆ ಅವರಿಗೆ ಪುರುಸೊತ್ತಿಲ್ಲ" ಅಂದಳು. ಆಮೇಲೆ ಸ್ವಲ್ಪ ಯೋಚಿಸಿ, "ಅದು ಹೋಗ್ಲಿ. ಸತ್ತೋನೋ, ಇಲಿಯೋ, ಯಾರೋ ಒಬ್ರು ತಟ್ತಾರೆ. ನೀನು ಬೆನ್ನು ತಿರುಗಿಸ್ತೀಯ. ಗೇಟಿನ ಹತ್ರ ಚಪ್ಪಲಿ ಬಿಟ್ಟು ಬೂಟು ಹಾಕ್ಕೊಳ್ತೀರಲ್ಲ, ಹಂಗೇ ದೇವರನ್ನೂ ಅಲ್ಲೇ ಬಿಟ್ಟು ಒಳಗೆ ಹೋಗ್ತೀಯೇನೇ?" ಅಂದಳು.

"ನಿಮಗೇನು ಅತ್ತೆ, ಮನೇಲಿ ಕೂತು ಹೇಳ್ತೀರ. ಅಲ್ಲಿ ಬಂದು ಆ ಸದ್ದು ಒಂದ್ಸಲ ಕೇಳಿ."

"ಹೆದರಿಕೆ ಇದ್ರೆ ಇರ್ಲಿ ಬಿಡು. ಹೆದರ್ಕೊಂಡೇ ತೆಗಿ. ಹೆದರಬಾರದು ಅಂತ ಯಾರು ಹೇಳಿದ್ರು ನಿಂಗೆ?"

ಸ್ತೋತ್ರಮ್ಮನಿಗೆ ಸಿಟ್ಟು ಬಂತು. ಮುದುಕಿಯ ಮಾತು ಸುಳ್ಳಾಗಿದ್ದರೆ ಸಿಟ್ಟು ಬರುತ್ತಿರಲಿಲ್ಲ. ಆ ರಾತ್ರಿ ಪ್ರಾರ್ಥನೆಗೆ ಮೊಣಕಾಲೂರಿದಾಗ ನಾಲಿಗೆ ಒಣಗಿ ಒಂದು ಪದವೂ ಹೊರಡಲಿಲ್ಲ.

ಈಗ ಆ ದಿನದ ವಿಷಯಕ್ಕೆ ಬರೋಣ. ನಡುಹಗಲು. ಹೊರಗೆ ರಸ್ತೆಯ ಟಾರು ಅಂಟುವಂಥ ಬಿಸಿಲು. ಮೀನಿನ ಪೆಟ್ಟಿಗೆಗಳನ್ನು ಒಯ್ಯಲು ಲಾರಿ ಹೇಳಿದ ಹೊತ್ತಿಗಿಂತ ಮೊದಲೇ ಬಂದು ಹಾರ್ನ್ ಹೊಡೆಯುತ್ತಿತ್ತು. ಆ ಪೆಟ್ಟಿಗೆಗಳೆಲ್ಲ ಕೊನೆಯ ಕೋಣೆಯಲ್ಲಿದ್ದವು. ಅದರ ಬಾಗಿಲಿನ ಒಳಗಡೆಯ ಹಿಡಿಕೆ ಹಿಮ ಕಟ್ಟಿ ಯಾವತ್ತೋ ಕೆಟ್ಟಿತ್ತು, ರಿಪೇರಿ ಎನ್ನುವುದು ಮಾಲೀಕನ ಬಾಯಲ್ಲಿ ಬರೀ ನಾಳೆ. ಹಾಗಾಗಿ ಒಬ್ಬ ಒಳಗೆ ಹೋದರೆ ಇನ್ನೊಬ್ಬ ಬಾಗಿಲು ಹಿಡಿದು ನಿಲ್ಲಲೇಬೇಕು, ಬಿಟ್ಟರೆ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಬಾಗಿಲು ಹಿಡಿಯುವ ಕೆಲಸವನ್ನು ಮೇಸ್ತ್ರಿ ಬೇರೆ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ತಲೆ ಬೆಳ್ಳಗಾದರೂ ಅದು ಅವನದೇ ಕೆಲಸ.

ಅವತ್ತು ಬೇಕಾದಷ್ಟು ಪೆಟ್ಟಿಗೆಗಳು ಏರಿ ಲಾರಿ ಹೊರಟಿತು. ಗಲಾಟೆ ಮುಗಿದು ಎಲ್ಲರೂ ತಂತಮ್ಮ ಜಾಗಕ್ಕೆ ಬಂದರು. ಸ್ತೋತ್ರಮ್ಮ ಗೇಟಿನ ಹತ್ತಿರದ ನಲ್ಲಿಯಲ್ಲಿ ನೀರು ಕುಡಿದು ಬಂದಳು. ಸ್ವಲ್ಪ ಹೊತ್ತು ಫ್ಯಾನುಗಳ ಗುಯ್ಗುಟ್ಟುವಿಕೆ ಬಿಟ್ಟು ಬೇರೆ ಸದ್ದಿರಲಿಲ್ಲ. ಏನೋ ಒಂದು ಕೊರತೆ ಇದೆ ಎಂದು ಅವಳಿಗೆ ಅನ್ನಿಸಿತು, ಏನೆಂದು ಹೊಳೆಯಲಿಲ್ಲ.

ಆಗ ತಟ್ಟಿತು.

ಒಬ್ಬೊಬ್ಬರಾಗಿ ಎಲ್ಲರೂ ತಿರುಗಿದರು. ಟೇಪು ಹಿಡಿದವರು ಟೇಪು ಬಿಟ್ಟರು, ಕೈಗಾಡಿಯವನು ಗಾಡಿ ಬಿಟ್ಟ. ಆ ಉದ್ದನೆಯ ಓಣಿಯಲ್ಲಿ ಬೆನ್ನುಗಳು ಸಾಲಾಗಿ ನಿಂತವು. ನಾನಲ್ಲ, ನಾನಲ್ಲ, ನಾನಲ್ಲ ಎಂದು ಪಿಸುಮಾತು ಹರಿದು ಬಂತು. ಎಲ್ಲರ ಬಾಯಿಂದ ಬಿಳಿ ಹಬೆ. ಮೇಸ್ತ್ರಿ ನಡೆದು ಹೋಗಿ ಪಟ್ಟಿ ಇಳಿಸಿದ. ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದಾಯಿತು.

ಸ್ತೋತ್ರಮ್ಮನೂ ತಿರುಗಿದ್ದಳು. "ನಾ" ಎಂದು ಬಾಯಿ ತೆರೆದಿದ್ದಳು. ಆಗ ಅವಳಿಗೆ ಆ ಕೊರತೆ ಏನೆಂದು ಹೊಳೆಯಿತು. ಎಲ್ಲರೂ ಗಂಭೀರವಾಗಿ ನಿಂತಾಗ ರೇಡಿಯೋ ಹಲ್ಲಿನ ಸಂದಿಯಲ್ಲಿ "ನಾನಲ್ಲ, ನಮ್ಮ ಮಾವ" ಎಂದು ಪಿಸುಗುಟ್ಟಿ ಪಕ್ಕದವರನ್ನು ನಗಿಸುತ್ತಿದ್ದ. ಇವತ್ತು ಯಾರೂ ನಗಲಿಲ್ಲ. ಆ ಬೆನ್ನುಗಳ ಸಾಲಿನಲ್ಲಿ ಅವನ ಬೆನ್ನಿರಲಿಲ್ಲ.

"ಮೇಸ್ತ್ರಿ, ರೇಡಿಯೋ ಎಲ್ಲಿ?"

ಬೆನ್ನು ಹಾಕಿದಾಗ ಮಾತಾಡುವ ಪದ್ಧತಿಯಿಲ್ಲ. ಒಂದಿಬ್ಬರು ಬೆಚ್ಚಿದರು.

"ಲಾರಿ ಜೊತೆ ಹೋಗಿದಾನೆ. ಸುಮ್ನಿರು."

"ಅವನ ಚಪ್ಪಲಿ ಗೇಟಿನ ಹತ್ರಾನೇ ಇದೆ. ಈಗ ನೋಡ್ಕೊಂಡು ಬಂದೆ. ಕಂಪನಿ ಬೂಟು ಹಾಕ್ಕೊಂಡು ಗೇಟು ದಾಟೋಕೆ ಬಿಡಲ್ಲ ಅಲ್ವಾ?"

"ಬರಿಗಾಲಲ್ಲಿ ಹೋಗಿರ್ತಾನೆ."

"ಈ ಬಿಸಿಲಲ್ಲಾ?"

ಮೇಸ್ತ್ರಿ ಅವಳ ಹತ್ತಿರ ಬಂದ. ಅವನ ಮುಖ ಬಟಾಣಿ ಚೀಲದ ಮೇಲಿನ ಹಿಮದಷ್ಟು ಬೆಳ್ಳಗಿತ್ತು. "ನಾನು ಬಾಗಿಲು ಹಿಡ್ಕೊಂಡಿದ್ದೆ. ಮಾಲೀಕರ ಫೋನ್ ಬಂತು, ಹೋದೆ. ವಾಪಸ್ ಬಂದಾಗ ಬಾಗಿಲು ಮುಚ್ಚಿತ್ತು, ಎಲ್ಲರೂ ಹೊರಗಿದ್ರು. ಅವನಾಗಿದ್ರೆ ಇಷ್ಟು ಹೊತ್ತಿಗೆ ಸೂರು ಹಾರೋ ಹಂಗೆ ಕಿರುಚ್ತಿರಲಿಲ್ವಾ? ನೀನೇ ಕೇಳು. ಇದು ಅವನು ತಟ್ಟೋ ತರಾನಾ?"

ಅವಳು ಕೇಳಿದಳು. ನಿಜ. ರೇಡಿಯೋ ತಟ್ಟುವ ತರ ಅಲ್ಲವೇ ಅಲ್ಲ. ಅದೇ ಹಳೆಯ ಸದ್ದು. ನಿಧಾನ, ಸಂಕೋಚ, ಮೊಣಕಾಲಿನ ಎತ್ತರ. ಅವಳ ಕಾಲು ಗೇಟಿನ ಕಡೆ ಓಡಿಹೋಗಲು ನೋಡುತ್ತಿತ್ತು. ದೇವರಾಣೆ, ಓಡಿದ್ದರೆ ಯಾರೂ ಅವಳನ್ನು ಬೈಯುತ್ತಿರಲಿಲ್ಲ.

"ಒಳಗಿರೋನು ಬದುಕಿರೋನೋ ಸತ್ತಿರೋನೋ ನಂಗೆ ಗೊತ್ತಿಲ್ಲ ಮೇಸ್ತ್ರಿ" ಅಂದಳು. "ತಟ್ತಾ ಇದಾನೆ. ನಾನು ಯೇಸಪ್ಪನ ಮಕ್ಕಳಲ್ಲಿ ಒಬ್ಬಳು. ಇಷ್ಟು ದಿನ ಇಲ್ಲಿ ಅದನ್ನ ಮರೆತು ಬೆನ್ನು ಹಾಕ್ದೆ. ಇನ್ನು ನನ್ನ ಕೈಲಾಗಲ್ಲ."

"ತೆಗೆದ್ರೆ ನಾಳೆಯಿಂದ ಈ ಗೇಟು ತುಳೀಬೇಡ."

"ಆಗ್ಲಿ."

ಆ ಒಂದು ಪದ ಹೇಳುವಾಗ ಮಲಗಿದ್ದ ಗಂಡನ ಮುಖ ಕಣ್ಣ ಮುಂದೆ ಬಂದು ಹೋಯಿತು. ಓಣಿಯ ಕೊನೆಯವರೆಗೆ ನಡೆದಳು. ಬೆನ್ನುಗಳು ಅವಳಿಗೆ ದಾರಿ ಬಿಟ್ಟವು, ಮುಖಗಳು ತಿರುಗಲಿಲ್ಲ. ಯಾರೋ ಹೆಂಗಸು "ಬೇಡ ಕಣೇ, ಬೇಡ ಕಣೇ" ಎಂದು ಅಳುತ್ತಿದ್ದಳು. ಬಾಗಿಲ ಮೇಲೆ ಕೈಯಿಟ್ಟಾಗ ಆ ತಟ್ಟುವಿಕೆ ಅಂಗೈಗೆ ತಾಗಿತು. ಸುಂದರವಾದ ಪ್ರಾರ್ಥನೆಗಳು ಅವಳಿಗೆ ಎಷ್ಟೋ ಬರುತ್ತಿದ್ದವು, ಆಗ ಒಂದೂ ನೆನಪಾಗಲಿಲ್ಲ. "ಯೇಸಪ್ಪಾ, ಕೈ ಬಿಡಬೇಡ" ಅಂದಳು. ಆಮೇಲೆ ಬಾಗಿಲಿಗೆ ಬಾಯಿ ಹತ್ತಿರ ತಂದು, "ನಾನಿದ್ದೀನಿ. ತೆಗೀತಿದ್ದೀನಿ" ಅಂದಳು.

ತಟ್ಟುವುದು ನಿಂತಿತು.

ಪಟ್ಟಿ ಎತ್ತಿ, ಮೈಭಾರ ಹಾಕಿ ಹಿಡಿ ಎಳೆದಳು. ಬಿಳಿ ಮಂಜು ಅವಳ ಕಾಲುಗಳ ಸುತ್ತ ಹರಿದು ಬಂತು. ಬಾಗಿಲ ಹಿಂದೆ ಯಾರೂ ಇರಲಿಲ್ಲ. ಒಳಗೆ ಪೆಟ್ಟಿಗೆಗಳ ಕಪ್ಪು ಸಾಲುಗಳು, ಅವುಗಳಾಚೆ ಕತ್ತಲು.

"ಯಾರಾದ್ರೂ ಬಾಗಿಲು ಹಿಡ್ಕೊಳ್ಳಿ."

ಯಾರೂ ಬರಲಿಲ್ಲ. ಮೇಸ್ತ್ರಿಯೂ ಬರಲಿಲ್ಲ. ಸ್ತೋತ್ರಮ್ಮ ಕೈಯಲ್ಲಿದ್ದ ಕಬ್ಬಿಣದ ಪಟ್ಟಿಯನ್ನೇ ಹೊಸ್ತಿಲಿಗೆ ಅಡ್ಡ ಇಟ್ಟು, ಬಾಗಿಲು ಅದಕ್ಕೆ ತಾಗಿ ನಿಲ್ಲುವುದನ್ನು ನೋಡಿ, ಒಳಗೆ ಹೋದಳು. ಪಕ್ಕದಲ್ಲಿ ಇನ್ನೊಬ್ಬರು ನಡೆಯುತ್ತಿದ್ದಾರೆ ಎಂದು ಅವಳಿಗೆ ಅನ್ನಿಸಿತು. ತಿರುಗಿ ನೋಡಲಿಲ್ಲ. ಯಾರೇ ಆಗಿರಲಿ, ದಾರಿ ಗೊತ್ತಿದ್ದವರ ಹಾಗೆ ಅರ್ಧ ಹೆಜ್ಜೆ ಮುಂದೆಯೇ ಇದ್ದರು.

ರೇಡಿಯೋ ಕೋಣೆಯ ತುತ್ತತುದಿಯಲ್ಲಿ, ದೊಡ್ಡ ಫ್ಯಾನಿನ ಕೆಳಗಿದ್ದ. ಪೆಟ್ಟಿಗೆಗಳ ಒಂದು ಅಟ್ಟಿ ಅವನ ಕಾಲ ಮೇಲೆ ಕುಸಿದಿತ್ತು. ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಮುದುಡಿದ್ದ, ಹುಬ್ಬಿನಲ್ಲಿ ಹಿಮ, ತುಟಿ ನೀಲಿ. ಅವಳು ಪೆಟ್ಟಿಗೆ ಎಳೆದು ಎಸೆದಳು. "ಲೇ ರೇಡಿಯೋ! ಮಾತಾಡೋ! ಇಷ್ಟು ದಿನ ಬೇಡ ಅಂದ್ರೂ ಮಾತಾಡ್ತಿದ್ಯಲ್ಲೋ, ಈಗ ಮಾತಾಡೋ!" ಎಂದು ಅಳುತ್ತಾ ಕೂಗಿದಳು. ಆ ಕೂಗಿಗೆ ಹೊರಗಿನ ಬೆನ್ನುಗಳು ತಿರುಗಿದವು. ಮೊದಲು ಕೈಗಾಡಿಯವನು ಓಡಿ ಬಂದ. ಆಮೇಲೆ ಉಳಿದವರು.

ಹೊತ್ತುಕೊಂಡು ಹೊರಗೆ ಬರುವಾಗ ಎಲ್ಲರ ಕಣ್ಣಿಗೂ ಬಿತ್ತು. ಬಾಗಿಲಿನ ಒಳಮೈಯಲ್ಲಿ ಬೆರಳು ದಪ್ಪದ ಹಿಮ ಕಟ್ಟಿತ್ತು. ಮೊಣಕಾಲಿನ ಎತ್ತರದಲ್ಲಿ ಮಾತ್ರ ಅಂಗೈಯಗಲದಷ್ಟು ಜಾಗ ಬರಿದಾಗಿ, ಸವೆದು ಹೊಳೆಯುತ್ತಿತ್ತು. ಕೊನೆಯವನು ಅದನ್ನು ನೋಡಿದವನೇ ಪಟ್ಟಿಯನ್ನು ಕಾಲಲ್ಲಿ ತಳ್ಳಿ ಬಾಗಿಲು ದಢಾರನೆ ಮುಚ್ಚಿದ.

ಬಿಸಿಲಲ್ಲಿ ಗೋಣಿಚೀಲ ಹಾಸಿ ರೇಡಿಯೋನನ್ನು ಮಲಗಿಸಿ, ಕೈಕಾಲು ತಿಕ್ಕಿದರು. ಬಿಸಿ ಚಹಾ ತುಟಿಗೆ ಹಿಡಿದರು. ಆಂಬುಲೆನ್ಸಿಗೆ ಫೋನು ಹೋಗಿತ್ತು. ಬಹಳ ಹೊತ್ತಿನ ಮೇಲೆ ಅವನು ಕಣ್ಣು ತೆರೆದು ಸ್ತೋತ್ರಮ್ಮನನ್ನು ಗುರುತಿಸಿ, "ಬಿಸಿಲು ಕಳಿಸ್ದೆ ಅಲ್ವಾ ಅಕ್ಕಾ" ಅಂದ. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

"ನಿನ್ನ ಕಾಲು ಸಿಕ್ಕಿಕೊಂಡಿತ್ತಲ್ಲೋ" ಅಂದ ಕೈಗಾಡಿಯವನು. "ಬಾಗಿಲು ಹೆಂಗೆ ತಟ್ಟಿದೆ?"

"ನಾನೆಲ್ಲಿ ತಟ್ಟಿದೆ? ಕೂಗೋಕೂ ಉಸಿರಿರಲಿಲ್ಲ." ರೇಡಿಯೋನ ಹಲ್ಲು ಕಟಕಟ ಅನ್ನುತ್ತಿತ್ತು. "ಬಾಗಿಲ ಹತ್ರ ಒಬ್ರು ಕೂತಿದ್ರಲ್ಲ, ಅವ್ರು ತಟ್ಟಿದ್ದು. ಯಾರವ್ರು, ಹೊಸಬ್ರಾ? ನಾನು ಅಳ್ತಿದ್ದೆ. ಅಳಬೇಡ ಅಂದ್ರು. ನಮ್ಮ ಭಾವಮೈದ ಹೊರಗೇ ಇದಾನೆ, ತಮಾಷೆ ಮಾಡ್ತಿದಾನೆ ಅಷ್ಟೇ, ಈಗ ತೆಗೀತಾನೆ ಅಂದ್ರು."

ಯಾರಿಗೂ ಏನೂ ಅರ್ಥವಾಗಲಿಲ್ಲ. ಆಮೇಲೆ ಹಿಂದಿನಿಂದ ಒಂದು ಸದ್ದು ಕೇಳಿತು. ಮೇಸ್ತ್ರಿ ಗೋಡೆ ಹಿಡಿದುಕೊಂಡು ನೆಲಕ್ಕೆ ಕುಸಿಯುತ್ತಿದ್ದ.

"ನನ್ನ ಭಾವ ಅವರು" ಅಂದ. "ನನ್ನ ಅಕ್ಕನ ಗಂಡ. ಈ ಕೆಲಸ ಕೊಡಿಸಿದ್ದೇ ಅವರು." ಅವನು ಯಾರ ಮುಖವನ್ನೂ ನೋಡುತ್ತಿರಲಿಲ್ಲ. "ಅವತ್ತು ಬಾಗಿಲು ಹಿಡಿದಿದ್ದೋನು ನಾನು. ತಮಾಷೆಗೆ ಬಿಟ್ಟೆ. ಭಾವ ಭಾವಮೈದ ಅಂದ್ಮೇಲೆ ಇರೋದೇ ಅಲ್ವಾ, ಹಿಂದಿನ ವಾರ ಅವರು ನನ್ನ ಬೂಟಿಗೆ ಐಸ್ ತುಂಬಿದ್ರು. ಅವರು ತಟ್ಟಿದ್ರು. ನಾನು ಬಾಗಿಲಿಗೆ ಬೆನ್ನು ಹಾಕಿ ನಿಂತು, ತೆಗೆಯೋನು ನಾನಲ್ಲ ಅಂತ ನಗಾಡ್ದೆ. ಸ್ವಲ್ಪ ನಡುಗಲಿ ಅಂತ. ಅಷ್ಟರಲ್ಲಿ ಯಾರೋ ಕರೆದ್ರು. ಹೋದೆ. ಅಲ್ಲಿ ಮಾತಿಗೆ ನಿಂತು ಮರೆತೇಬಿಟ್ಟೆ. ತೆಗೆದಾಗ ಬಾಗಿಲಿಗೆ ಒರಗಿ ಕೂತಿದ್ರು. ಆಗ ಅಲ್ಲಿ ಯಾರೂ ಇರಲಿಲ್ಲ, ತಟ್ಟಿದ್ದು ಯಾರಿಗೂ ಕೇಳಿಸಲಿಲ್ಲ ಅಂತ ಅಕ್ಕನಿಗೆ ಹೇಳ್ದೆ. ಇವತ್ತಿಗೂ ಅವಳು ನನಗೇ ಮೊದಲು ಊಟಕ್ಕೆ ಹಾಕ್ತಾಳೆ."

ಬದಲಿ ಆಳು ಬೇಕಂತೆ ಎಂಬ ಕತೆ ಕಟ್ಟಿದವನೂ ಅವನೇ. ಕೇಳುವುದು ತಾನೊಬ್ಬನಿಗೇ ಆಗಿದ್ದರೆ ಹುಚ್ಚನಾಗುತ್ತಿದ್ದನೇನೋ. ಊರೆಲ್ಲ ಬೆನ್ನು ಹಾಕಿದರೆ ತನ್ನ ಬೆನ್ನು ಎದ್ದು ಕಾಣುವುದಿಲ್ಲ ಎಂದು ಲೆಕ್ಕ ಹಾಕಿದ್ದ. ಕೇಳುತ್ತಾ ನಿಂತ ಸ್ತೋತ್ರಮ್ಮನಿಗೆ ಅವನ ಮೇಲೆ ಅಸಹ್ಯವಾಯಿತು. ತಾನೂ ಬೆನ್ನು ಹಾಕಿದವಳೇ ಎನ್ನುವುದು ಮರುಗಳಿಗೆಯಲ್ಲೇ ನೆನಪಾಗಿ ಮುಖ ಬಿಸಿಯಾಯಿತು.

"ಇಷ್ಟು ವರ್ಷ ಬೈತಿದಾರೆ ಅಂದ್ಕೊಂಡಿದ್ದೆ" ಅಂದ ಮೇಸ್ತ್ರಿ. "ಅವರು ಇನ್ನೂ ತಮಾಷೆ ಅಂತಾನೇ ನಂಬ್ಕೊಂಡು ಕೂತಿದಾರೆ."

ಅವಳು ಅವನ ಮುಂದೆ ಕುಕ್ಕರುಗಾಲಲ್ಲಿ ಕೂತಳು. "ಏಳಿ ಮೇಸ್ತ್ರಿ."

"ಎಲ್ಲಿಗೆ?"

"ಬಾಗಿಲು ತೆಗೆಯೋಕೆ. ನಾನು ತೆಗೆದಿದ್ದು ಇವನಿಗೆ. ಅವರು ಕಾಯ್ತಿರೋದು ನಿಮಗೆ."

"ನನ್ನಂಥೋನಿಗೆ ನಿನ್ನ ದೇವರ ಹತ್ರ ಏನಾದ್ರೂ ಉಂಟೇನಮ್ಮಾ?"

"ಉಂಟು. ಅದನ್ನ ಆಮೇಲೆ ಕೂತು ಮಾತಾಡೋಣ. ಮೊದ್ಲು ಬಾಗಿಲು."

ಅವಳು ಅವನ ಮೊಣಕೈ ಹಿಡಿದು ಎಬ್ಬಿಸಿದಳು. ಉಳಿದವರು ದೂರ ಬಿಟ್ಟು ಹಿಂದೆ ಬಂದರು. ಇದಕ್ಕೆ ಪಾದ್ರಿಗಳು ಏನನ್ನುತ್ತಾರೋ, ಅತ್ತೆ ಏನನ್ನುತ್ತಾಳೋ ಅವಳಿಗೆ ಗೊತ್ತಿರಲಿಲ್ಲ. ಸತ್ತವರು ದೇವರ ಕೈಯಲ್ಲಿರುತ್ತಾರೆ ಎನ್ನುವುದನ್ನು ಅವಳೂ ನಂಬಿದ್ದಳು. ಆ ಕೈ ಈ ಬಾಗಿಲವರೆಗೂ ಬಂದಿರಬಾರದೇಕೆ ಎಂದುಕೊಂಡಳು.

ಬಾಗಿಲ ಮುಂದೆ ನಿಂತಾಗ ಒಳಗೆ ಸದ್ದೇ ಇರಲಿಲ್ಲ. ಅದು ತಟ್ಟುವುದಕ್ಕಿಂತ ಭಯಂಕರವಾಗಿತ್ತು. ಮೇಸ್ತ್ರಿ ಎರಡೂ ಕೈಯಲ್ಲಿ ಹಿಡಿ ಹಿಡಿದ. ಎಳೆಯಲಾರದೆ ಅವಳ ಕಡೆ ನೋಡಿದ. ಅವಳು ಕೈ ಸೇರಿಸಲಿಲ್ಲ, ಅವನ ಪಕ್ಕಕ್ಕೆ ಇನ್ನೂ ಒತ್ತಿ ನಿಂತಳು, ಅಷ್ಟೇ. ಕಡೆಗೆ ಅವನೇ ಎಳೆದ. ಮಂಜು ಹೊಸ್ತಿಲು ದಾಟಿ ಅವನ ಬೂಟುಗಳನ್ನು ಮುಚ್ಚಿತು. ಅವನು ಬಾಗಿಲಿಗೆ ಭುಜ ಕೊಟ್ಟು ಅಗಲವಾಗಿ ಹಿಡಿದು ನಿಂತ.

"ಭಾವ" ಅಂದ. ಮತ್ತೆ ಅಂದ. "ಭಾವ, ನಾನು ಬಂದಿದೀನಿ. ತಪ್ಪಾಯ್ತು. ತುಂಬಾ ತಡ ಆಯ್ತು. ಹೊರಗೆ ಬನ್ನಿ."

ಏನೂ ಕಾಣಲಿಲ್ಲ. ಆದರೆ ಹೊಸ್ತಿಲ ಮೇಲಿನ ಮಂಜು ನಡುವೆ ಸೀಳಿಕೊಂಡಿತು. ಯಾರೂ ಹೇಳದೆಯೇ ಓಣಿಯಲ್ಲಿ ನಿಂತವರೆಲ್ಲ ಎರಡೂ ಕಡೆಯ ಗೋಡೆಗೆ ಸರಿದು ದಾರಿ ಬಿಟ್ಟರು. ಈ ಸಲ ಎಲ್ಲರ ಮುಖವೂ ಬಾಗಿಲ ಕಡೆಗೇ ಇತ್ತು. ಒಂದು ಚಳಿ, ಕೂತು ಕೂತು ಕಾಲು ಜೋಮು ಹಿಡಿದವರು ನಡೆಯುವಷ್ಟು ನಿಧಾನವಾಗಿ, ಅವರ ನಡುವೆ ಹಾದು ಹೋಯಿತು. ಸ್ತೋತ್ರಮ್ಮ ಎಲ್ಲರ ಎದುರಿಗೇ ಕಣ್ಣು ಮುಚ್ಚಿ ಕೈ ಜೋಡಿಸಿದಳು. ಮೇಸ್ತ್ರಿ ಬಾಗಿಲನ್ನು ಅವಳ ಕೈಗೆ ಕೊಟ್ಟು ಆ ಚಳಿಯ ಹಿಂದೆಯೇ ಹೊರಟ. ನೆಂಟರನ್ನು ಕಳಿಸಿಕೊಡುವವನ ಹಾಗೆ ಅರ್ಧ ಹೆಜ್ಜೆ ಹಿಂದೆ, ತಲೆ ತಗ್ಗಿಸಿಕೊಂಡು, ಗೇಟಿನಾಚೆಯ ಬಿಸಿಲಿನವರೆಗೂ ಹೋದ.